ಹೋಟೆಲಿನ ಕಸದ ಲೆಕ್ಕಪರಿಶೋಧನೆ: ಎಲ್ಲಿಂದ ಆರಂಭಿಸಬೇಕು?

ಮೈಸೂರು ಉಪಾಹಾರಿ:

ಮಾನ್ಯರೇ, ಮೈಸೂರಿನಲ್ಲಿ ನಮ್ಮ ಕುಟುಂಬದವರು ನಡೆಸುವ ಸಸ್ಯಾಹಾರಿ ಹೋಟೆಲೊಂದಿದೆ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆಯ ಬೋಂಡಾ-ವಡೆ, ರಾತ್ರಿಯ ದೋಸೆ-ಚಪಾತಿ, ಇಷ್ಟು ನಮ್ಮ ವ್ಯವಹಾರ. ಹಸಿ ಕಸವನ್ನು ಒಯ್ಯುವ ಗುತ್ತಿಗೆದಾರರು ಈಚೆಗೆ ದರ ಏರಿಸಿದ್ದಾರೆ. ಅದಕ್ಕಿಂತ ದೊಡ್ಡ ಚಿಂತೆಯೆಂದರೆ, ದಿನದ ಸರಾಸರಿ 100 ಕೆ.ಜಿ. ದಾಟಿದವರನ್ನು 2016ರ ಘನ ತ್ಯಾಜ್ಯ ನಿರ್ವಹಣಾ ನಿಯಮಗಳು ಬೃಹತ್ ತ್ಯಾಜ್ಯ ಉತ್ಪಾದಕರೆಂದು ಪರಿಗಣಿಸಿದವು. ನಾವು ಆ ಗೆರೆಯ ಆಚೆ ಇದ್ದೇವೆಯೋ ಈಚೆ ಇದ್ದೇವೆಯೋ ಎಂಬುದೇ ನಮಗೆ ತಿಳಿಯದು. ಗುತ್ತಿಗೆದಾರರು ಡ್ರಮ್ಮಿನ ಲೆಕ್ಕದಲ್ಲಿ ಹಣ ಪಡೆಯುತ್ತಾರೆಯೇ ಹೊರತು ತೂಗುವುದಿಲ್ಲ.

ಹಸಿ ಕಸ, ಒಣ ಕಸ ಎಂದು ಬೇರ್ಪಡಿಸುವ ಕೆಲಸ ನಮ್ಮಲ್ಲಿ ಮೊದಲಿನಿಂದಲೂ ನಡೆದಿದೆ. ಈಗ ಬೇಕಾಗಿರುವುದು ಕಸವನ್ನೇ ಕಡಿಮೆ ಮಾಡುವ ದಾರಿ. ಕಸದ ಲೆಕ್ಕಪರಿಶೋಧನೆ, ಅಂದರೆ ಯಾವ ಕಸ ಎಲ್ಲಿಂದ ಎಷ್ಟು ಬರುತ್ತದೆ ಎಂದು ತೂಗಿ ಬರೆದು ನೋಡುವ ಕೆಲಸ, ಮಾಡಿಸಿ ಎಂದು ಸ್ನೇಹಿತರೊಬ್ಬರು ಸಲಹೆ ನೀಡಿದರು. ಹೊರಗಿನ ಸಂಸ್ಥೆಗೆ ಹಣ ಕೊಟ್ಟು ಮಾಡಿಸಬೇಕೇ ಅಥವಾ ನಮ್ಮ ಸಿಬ್ಬಂದಿಯೇ ಮಾಡಬಹುದೇ? ಅನುಭವವುಳ್ಳವರು ತಿಳಿಸಿದರೆ ಉಪಕಾರವಾದೀತು.

ತಕ್ಕಡಿ, ಬೆಂಗಳೂರು:

ನಾನು ಹೋಟೆಲು, ಹಾಸ್ಟೆಲು ಮತ್ತು ಕಂಪನಿಗಳ ಕ್ಯಾಂಟೀನುಗಳಲ್ಲಿ ಈ ಕೆಲಸ ಮಾಡುತ್ತೇನೆ. ನಿಮ್ಮ ಗಾತ್ರದ ಹೋಟೆಲಿಗೆ ಹೊರಗಿನವರ ಅಗತ್ಯವಿಲ್ಲ ಎಂದು ಹೇಳಿದರೆ ನನ್ನ ವೃತ್ತಿಗೇ ನಷ್ಟ, ಆದರೂ ಸತ್ಯ ಅದೇ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಹಸಿ, ಒಣ, ತಿರಸ್ಕೃತ ಎಂಬ ವಿಂಗಡಣೆಯು ಕಸ ನಿಮ್ಮ ಬಾಗಿಲು ದಾಟಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದಕ್ಕಾಗಿ ಮಾಡಿದ್ದು. ಬೆಂಗಳೂರಿನಲ್ಲಿ ಹೈಕೋರ್ಟಿನ ಆದೇಶದಂತೆ ಬಂದ ಹಸಿರು ಡಬ್ಬ, ಕೆಂಪು ಡಬ್ಬ, ಒಣ ಕಸದ ಚೀಲ ಎಂಬ ಪದ್ಧತಿಯ ಉದ್ದೇಶವೂ ಇದೇ. ಕಸ ಕಡಿಮೆಯಾಗಬೇಕಾದರೆ ಅದು ಹುಟ್ಟಿದ್ದೆಲ್ಲಿ ಎಂಬುದು ತಿಳಿಯಬೇಕು. ಹಸಿರು ಡಬ್ಬದಲ್ಲಿ ಬಿದ್ದ ಒಂದು ಹಿಡಿ ಅನ್ನ, ಗಿರಾಕಿಯ ತಟ್ಟೆಯಿಂದ ಬಂದಿತೋ, ಮಾರಾಟವಾಗದೆ ಹಂಡೆಯಲ್ಲೇ ಉಳಿದಿತ್ತೋ, ತಳ ಹಿಡಿದು ಸೀದು ಹೋಗಿತ್ತೋ ಎಂಬುದನ್ನು ಆ ಡಬ್ಬ ಹೇಳಲಾರದು. ಮೂರಕ್ಕೂ ಕಾರಣರಾದವರು ಬೇರೆ, ಪರಿಹಾರವೂ ಬೇರೆ.

ಆದ್ದರಿಂದ ಹಸಿ ಕಸವನ್ನು ನಾಲ್ಕು ಟಬ್ಬುಗಳಲ್ಲಿ ಹಿಡಿಯಿರಿ. ಉಗ್ರಾಣದಲ್ಲಿ ಬಳಕೆಗೆ ಮೊದಲೇ ಕೊಳೆತದ್ದು ಒಂದರಲ್ಲಿ. ಹೆಚ್ಚುವ ಜಾಗದಲ್ಲಿ ಬಿದ್ದ ಸಿಪ್ಪೆ, ದಂಟು, ನಾರು ಇನ್ನೊಂದರಲ್ಲಿ. ಬೇಯಿಸಿದರೂ ಮಾರಾಟವಾಗದೆ ಉಳಿದದ್ದು ಮೂರನೆಯದರಲ್ಲಿ. ಗಿರಾಕಿಗಳ ತಟ್ಟೆಯಿಂದ ಬಂದ ಎಂಜಲು ನಾಲ್ಕನೆಯದರಲ್ಲಿ. ಪ್ರತಿ ಟಬ್ಬಿನ ಹೊರಮೈಯಲ್ಲಿ ಅದರ ಖಾಲಿ ತೂಕವನ್ನು ಬಣ್ಣದಲ್ಲಿ ಬರೆಸಿಬಿಡಿ; ಇಲ್ಲವಾದರೆ ಒಬ್ಬರು ಅದನ್ನು ಕಳೆದು ಬರೆಯುತ್ತಾರೆ, ಇನ್ನೊಬ್ಬರು ಕಳೆಯದೆ ಬರೆಯುತ್ತಾರೆ, ವಾರದ ಕೊನೆಗೆ ಪುಸ್ತಕ ಯಾವ ಉಪಯೋಗಕ್ಕೂ ಬರುವುದಿಲ್ಲ.

ತೂಗುವುದನ್ನು ದಿನದ ಕೊನೆಗೆ ಇಟ್ಟುಕೊಳ್ಳಬೇಡಿ. ತಿಂಡಿ ಮುಗಿದಾಗ, ಊಟ ಮುಗಿದಾಗ, ಸಂಜೆ, ರಾತ್ರಿ ಬಾಗಿಲು ಹಾಕುವ ಮುನ್ನ, ಹೀಗೆ ನಾಲ್ಕು ಬಾರಿ ತೂಗಿ ವೇಳೆಯನ್ನೂ ಬರೆಯಿರಿ. ಭಾನುವಾರ ಸೇರಿದಂತೆ ಪೂರ್ತಿ ಏಳು ದಿನ ನಡೆಯಲಿ. ದಸರೆಯ ಜನಸಂದಣಿಯ ವಾರವೂ ಬೇಡ, ಆಷಾಢದ ಮಂದ ವಾರವೂ ಬೇಡ. ತೂಕದ ಪಕ್ಕದಲ್ಲಿ ಆ ಹೊತ್ತಿನಲ್ಲಿ ಹೋದ ಟೋಕನ್ನುಗಳ ಸಂಖ್ಯೆ ಇರಲೇಬೇಕು, ಏಕೆಂದರೆ ವ್ಯಾಪಾರ ಕುಸಿದ ದಿನ ಕಸ ಕಡಿಮೆಯಾದರೆ ಅದನ್ನು ಸುಧಾರಣೆ ಎನ್ನಲಾಗದು. ಒಂದು ಟೋಕನ್ನಿಗೆ ಎಷ್ಟು ಗ್ರಾಂ ಎಂಬ ಅಂಕಿ ಮಾತ್ರ ಒಂದು ವಾರವನ್ನು ಇನ್ನೊಂದು ವಾರದೊಡನೆ ಹೋಲಿಸಲು ನೆರವಾಗುತ್ತದೆ.

ಇನ್ನೊಂದು ಕಾಲಮ್ಮನ್ನು ಹಣಕ್ಕಾಗಿ ಬಿಡಿ. ಎಲೆಕೋಸಿನ ಹೊರ ಎಲೆಗಳು ತೂಕದಲ್ಲಿ ಮುಂದಿರುತ್ತವೆ, ಬೆಲೆಯಲ್ಲಿ ಏನೂ ಅಲ್ಲ. ಗೋಡಂಬಿ ಹಾಕಿದ ಪೊಂಗಲ್ ಎರಡು ಕೆ.ಜಿ. ಉಳಿದರೆ ತೂಕದ ಪಟ್ಟಿಯಲ್ಲಿ ಅದು ಕಣ್ಣಿಗೇ ಬೀಳದು, ಆದರೆ ಅಕ್ಕಿ, ಬೇಳೆ, ತುಪ್ಪ, ಗ್ಯಾಸು, ಕೂಲಿ ಎಲ್ಲವೂ ಅದರೊಳಗೆ ಸೇರಿವೆ. ಗುತ್ತಿಗೆದಾರರ ಬಿಲ್ಲನ್ನು ಇಳಿಸಬೇಕಾದರೆ ತೂಕದ ಕಾಲಮ್ಮನ್ನು ನೋಡಿ, ನಿಮ್ಮ ಲಾಭವನ್ನು ಉಳಿಸಿಕೊಳ್ಳಬೇಕಾದರೆ ಹಣದ ಕಾಲಮ್ಮನ್ನು ನೋಡಿ. ಎರಡೂ ಒಂದೇ ಕಡೆ ಬೆರಳು ತೋರುವುದು ಅಪರೂಪ.

ಹಾಸನದ ಬೇಕರಿಯವನು:

ತಕ್ಕಡಿಯವರ ನಾಲ್ಕು ಟಬ್ಬಿನ ವಿಧಾನ ಹೋಟೆಲಿಗೆ ಸರಿ. ಬೇಕರಿಯಲ್ಲಿ ಐದನೆಯದೊಂದು ಬೇಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಉಳಿದ ಬ್ರೆಡ್ಡು ಕಸದ ಡಬ್ಬಕ್ಕೆ ಹೋಗುವುದಿಲ್ಲ. ಹೋಳು ಮಾಡಿ ಮತ್ತೆ ಓವನ್ನಿಗೆ ಹಾಕಿ ರಸ್ಕ್ ಮಾಡುತ್ತೇವೆ. ಹೀಗಾಗಿ ಡಬ್ಬವನ್ನು ನೋಡಿದವರಿಗೆ ನಮ್ಮಲ್ಲಿ ನಷ್ಟವೇ ಇಲ್ಲ ಎನಿಸುತ್ತದೆ. ವಾಸ್ತವವಾಗಿ ಒಂದೇ ಹಿಟ್ಟು ಎರಡು ಬಾರಿ ಓವನ್ನು ಕಂಡಿರುತ್ತದೆ, ಎರಡು ಬಾರಿ ಕೂಲಿ ತಿಂದಿರುತ್ತದೆ, ಮತ್ತು ರಸ್ಕಿಗೆ ಅಷ್ಟು ಗಿರಾಕಿಗಳಿಲ್ಲದ ವಾರ ಆ ರಸ್ಕೂ ಕಪಾಟಿನಲ್ಲಿ ಕೂತಿರುತ್ತದೆ. ಮರುಬಳಕೆಯಾಯಿತು ಎಂಬ ಸಮಾಧಾನದಲ್ಲಿ ಬ್ರೆಡ್ಡನ್ನು ಹೆಚ್ಚಾಗಿ ಮಾಡುವ ಚಟ ಬಿಡದೇ ಉಳಿಯುತ್ತದೆ.

ಹೋಟೆಲಿನವರಲ್ಲೂ ಇದು ಇದೆ. ಬೆಳಗ್ಗೆ ಉಳಿದ ಇಡ್ಲಿ ಸಂಜೆ ಇಡ್ಲಿ ಉಪ್ಪಿಟ್ಟಾಗುತ್ತದೆ, ಮಧ್ಯಾಹ್ನದ ಅನ್ನ ಚಿತ್ರಾನ್ನವಾಗುತ್ತದೆ. ರುಚಿ ಮತ್ತು ಶುಚಿ ಕೆಡದಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಎಷ್ಟು ಕೆ.ಜಿ. ಹಾಗೆ ರೂಪ ಬದಲಿಸಿತು ಎಂಬುದನ್ನು ಪುಸ್ತಕದಲ್ಲಿ ಬರೆಯಬೇಕು.

ಮೈಸೂರು ಉಪಾಹಾರಿ:

ಇಬ್ಬರಿಗೂ ಧನ್ಯವಾದಗಳು. ಈಗ ನನ್ನ ಮುಂದಿರುವುದು ತಕ್ಕಡಿಗಿಂತ ಸೂಕ್ಷ್ಮವಾದ ಸಮಸ್ಯೆ. ನಮ್ಮ ಅಡುಗೆ ಭಟ್ಟರು ನಮ್ಮ ತಂದೆಯವರ ಕಾಲದಿಂದ ಇದ್ದವರು. ಹೀಗೊಂದು ಆಲೋಚನೆಯಿದೆ ಎಂದು ಹೇಳಿದ ಕೂಡಲೇ, "ನನ್ನ ಕೈಯಳತೆಯ ಮೇಲೆ ಅನುಮಾನ ಬಂದಿತೇ?" ಎಂದು ಕೇಳಿದರು. ತಟ್ಟೆ ತೊಳೆಯುವ ಹುಡುಗರಂತೂ ಮುಸುರೆಯನ್ನು ತೂಗುವುದೇ ಎಂದು ನಕ್ಕರು. ಹೇಳದೆ ಮಾಡಿದರೆ ಕಳ್ಳತನ ಹಿಡಿಯಲು ಹೊರಟಂತಾಗುತ್ತದೆ, ಹೇಳಿ ಮಾಡಿದರೆ ಆ ವಾರ ಮಾತ್ರ ಎಲ್ಲರೂ ಎಚ್ಚರಿಕೆಯಿಂದಿದ್ದು ಅಂಕಿಗಳು ಸುಳ್ಳಾಗುತ್ತವೆ. ಇದಕ್ಕೇನು ಮಾಡುವುದು?

ಕುಂದಾಪುರದ ಅಡುಗೆ ಗುತ್ತಿಗೆ:

ಮದುವೆ, ಉಪನಯನ, ದೇವಸ್ಥಾನದ ಸಂತರ್ಪಣೆಗಳ ಅಡುಗೆಯನ್ನು ಗುತ್ತಿಗೆ ಹಿಡಿದು ಮಾಡುವವನು ನಾನು. ಭಟ್ಟರ ಮಾತಿನಲ್ಲಿ ಹುರುಳಿದೆ ಎಂದು ಹೇಳಲು ಬರೆಯುತ್ತಿದ್ದೇನೆ. ನೂರು ಜನಕ್ಕೆ ಎಷ್ಟು ಸೇರು ಅಕ್ಕಿ, ಎಷ್ಟು ತೆಂಗಿನಕಾಯಿ ಎಂಬುದು ಅನುಭವಿಗಳ ಬಾಯಲ್ಲಿರುತ್ತದೆ, ಮತ್ತು ಅದು ಬಹುಪಾಲು ಸರಿಯಾಗಿಯೇ ಇರುತ್ತದೆ. ತಪ್ಪುವುದು ಜನರ ಸಂಖ್ಯೆ. ಐನೂರು ಎಂದು ಹೇಳಿದ ಯಜಮಾನರ ಮನೆಯಲ್ಲಿ ಮುನ್ನೂರೈವತ್ತು ಎಲೆ ಬೀಳುತ್ತದೆ. ಅದಕ್ಕೆ ಅಡುಗೆಯವನನ್ನು ಹೊಣೆ ಮಾಡುವುದು ನ್ಯಾಯವಲ್ಲ.

ಎಂಜಲನ್ನು ತೂಗುವುದರಿಂದಲೂ ಹೆಚ್ಚಿನ ಪ್ರಯೋಜನ ನನಗೆ ಕಾಣುವುದಿಲ್ಲ. ಪಂಕ್ತಿಯಲ್ಲಿ ಬಡಿಸುವವರು ಕೇಳಿ ಬಡಿಸಿದರೆ ಸಾಕು, ಎಲೆ ತಾನಾಗಿ ಖಾಲಿಯಾಗುತ್ತದೆ. ನಮ್ಮಲ್ಲಿ ಸಣ್ಣ ಸೌಟು, ಎರಡು ಸಲ ವಿಚಾರಣೆ ಎಂಬುದೇ ಪದ್ಧತಿ. ಬಫೆ ಬಂದ ಮೇಲೆ ಜನರು ತಾವೇ ತಟ್ಟೆ ತುಂಬಿಕೊಂಡು ಅರ್ಧ ಬಿಟ್ಟು ಹೋಗುತ್ತಾರೆ, ಆ ರಾಶಿಯನ್ನು ತೂಗಿದರೂ ಒಂದೇ ಬಿಟ್ಟರೂ ಒಂದೇ. ಇಷ್ಟಕ್ಕೂ ಅನ್ನವನ್ನು ಹೆಚ್ಚು ಚೆಲ್ಲುವುದು ಮನೆಗಳಲ್ಲಿ ಎಂದು ಓದಿದ ನೆನಪು.

ತಕ್ಕಡಿ, ಬೆಂಗಳೂರು:

ಕೊನೆಯ ಮಾತಿನಿಂದ ಆರಂಭಿಸುತ್ತೇನೆ. ನೀವು ಓದಿದ್ದು ಸರಿಯಾಗಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 2022ರಲ್ಲಿ ಜಗತ್ತಿನಾದ್ಯಂತ ಮನೆ, ಆಹಾರ ಸೇವೆ ಮತ್ತು ಚಿಲ್ಲರೆ ಮಾರಾಟದಲ್ಲಿ ಹಾಳಾದ ಸುಮಾರು 105 ಕೋಟಿ ಟನ್ ಆಹಾರದಲ್ಲಿ ಶೇ. 60ರಷ್ಟು ಮನೆಗಳದ್ದು, ಶೇ. 28ರಷ್ಟು ಹೋಟೆಲು, ಕ್ಯಾಂಟೀನುಗಳಂಥ ಆಹಾರ ಸೇವೆಯದ್ದು. ಆದರೆ ಮನೆಗಳು ಕೋಟಿಗಟ್ಟಲೆ ಇವೆ, ಒಂದೊಂದರ ಪಾಲು ಅಂಗೈಯಷ್ಟು. ಹೋಟೆಲಿನಲ್ಲಿ ಒಂದೇ ಸೌಟು ಬದಲಾದರೆ ದಿನಕ್ಕೆ ಸಾವಿರ ತಟ್ಟೆ ಬದಲಾಗುತ್ತವೆ.

ಎಂಜಲನ್ನು ಏಕೆ ತೂಗಬೇಕೆಂದರೆ, ಸ್ವಯಂಸೇವೆಯ ಹೋಟೆಲಿನಲ್ಲಿ ಕೇಳಿ ಬಡಿಸುವ ಅವಕಾಶವೇ ಇರುವುದಿಲ್ಲ. ಪ್ಲೇಟು ಸಿದ್ಧವಾಗಿ ಕೌಂಟರಿಗೆ ಬರುತ್ತದೆ, ಚಟ್ನಿ ಆಗಲೇ ಅದರಲ್ಲಿ ಇರುತ್ತದೆ. ಒಂದು ಪ್ಲೇಟಿನಲ್ಲಿ 20 ಗ್ರಾಂ ಚಟ್ನಿ ಉಳಿಯುತ್ತದೆ ಎಂದುಕೊಳ್ಳಿ. 600 ಪ್ಲೇಟಿಗೆ ಅದು 12 ಕೆ.ಜಿ. ಆಯಿತು. ತೊಳೆಯುವ ಜಾಗದಲ್ಲಿ ನಿಂತು ಅರ್ಧ ಗಂಟೆ ನೋಡಿದರೆ ಯಾವ ಬಟ್ಟಲು ಖಾಲಿ ಬರುತ್ತಿದೆ, ಯಾವುದರ ತಳದಲ್ಲಿ ಚಟ್ನಿ ಕೆನೆಗಟ್ಟಿ ಬರುತ್ತಿದೆ ಎಂಬುದು ತಿಳಿಯುತ್ತದೆ. ನಾನು ಕಂಡಂತೆ ಸಾಂಬಾರಿನ ಬಟ್ಟಲು ಖಾಲಿಯಾಗಿ ಬರುತ್ತದೆ, ಚಟ್ನಿಯದು ಬರುವುದಿಲ್ಲ. ಸೌಟನ್ನು ಒಂದು ಅಳತೆ ಕಿರಿದು ಮಾಡಿ, ಕೇಳಿದವರಿಗೆ ಬೇಸರವಿಲ್ಲದೆ ಮತ್ತೆ ಹಾಕಿದರೆ ಜನರು ದೂರುವುದಿಲ್ಲ. ಕೇಳಿದಾಗ ಮುಖ ಗಂಟಿಕ್ಕಿದರೆ ಮಾತ್ರ ಊರೆಲ್ಲ ಸುದ್ದಿಯಾಗುತ್ತದೆ.

ಭಟ್ಟರ ವಿಷಯ. ಹೇಳಿಯೇ ಮಾಡಿ. ಮೊದಲ ಎರಡು ದಿನಗಳ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ; ಮೂರನೆಯ ದಿನಕ್ಕೆ ಎಚ್ಚರಿಕೆ ಸಡಿಲವಾಗಿ ಎಲ್ಲರೂ ಮಾಮೂಲಿಗೆ ಬಂದಿರುತ್ತಾರೆ. ಆಗ ನಿಮ್ಮ ಏಳು ದಿನದ ಲೆಕ್ಕ ಮೂರನೆಯ ದಿನದಿಂದ ಶುರುವಾಗಲಿ. ಪುಸ್ತಕದಲ್ಲಿ ಯಾರ ಹೆಸರೂ ಇರಬಾರದು, ಜಾಗ ಮತ್ತು ವೇಳೆ ಮಾತ್ರ ಇರಬೇಕು. ಅದಕ್ಕೂ ಮೊದಲು ಭಟ್ಟರನ್ನೇ ಕರೆದು, ಎಲ್ಲಿ ಎಷ್ಟು ಹೋಗುತ್ತಿದೆ ಎಂದು ಅವರ ಅಂದಾಜನ್ನು ಬರೆಯಿಸಿಕೊಳ್ಳಿ. ಅವರ ಕೈಯಳತೆ ಸರಿ ಎಂದು ತಕ್ಕಡಿಯೇ ಹೇಳಿದರೆ ಅವರಿಗಿಂತ ಸಂತೋಷಪಡುವವರು ಬೇರೆ ಇರುವುದಿಲ್ಲ. ಸಂಖ್ಯೆ ತಪ್ಪುವುದು ಯಜಮಾನರಿಂದ ಎಂಬ ಕುಂದಾಪುರದವರ ಮಾತನ್ನು ನಾನೂ ಒಪ್ಪುತ್ತೇನೆ, ಹೋಟೆಲಿನಲ್ಲೂ ಇಂದು ಇಷ್ಟು ಮಾಡಿ ಎಂದು ಇಂಡೆಂಟ್ ಕೊಡುವವರು ಮಾಲೀಕರೇ ತಾನೇ.

ಪೀಣ್ಯ ಕಟಿಂಗ್ ವಿಭಾಗ:

ಹೋಟೆಲಿನ ಚರ್ಚೆಯ ನಡುವೆ ಬಟ್ಟೆಯ ಮಾತು ತರುವುದಕ್ಕೆ ಕ್ಷಮೆಯಿರಲಿ, ವಿಧಾನ ಒಂದೇ ಎಂಬುದರಿಂದ ಬರೆಯುತ್ತಿದ್ದೇನೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಎಲ್ಲ ಚಿಂದಿಯನ್ನೂ ಒಂದೇ ಮೂಟೆಗೆ ತುಂಬಿ ಗುಜರಿಗೆ ಹಾಕುವ ಅಭ್ಯಾಸವಿತ್ತು. ಹುಟ್ಟಿದ ಜಾಗದ ಪ್ರಕಾರ ಬೇರ್ಪಡಿಸಿದಾಗ ಮೂಟೆಯೊಳಗಿದ್ದ ನಾಲ್ಕು ಕಥೆಗಳು ಬೇರೆಯಾದವು. ಮಾರ್ಕರಿನಲ್ಲಿ (ಉಡುಪಿನ ಭಾಗಗಳನ್ನು ಬಟ್ಟೆಯ ಮೇಲೆ ಜೋಡಿಸುವ ನಕ್ಷೆಯಲ್ಲಿ) ಭಾಗಗಳ ನಡುವೆ ಉಳಿಯುವ ಸಂದು, ತಾನಿನ ಕೊನೆಯ ತುಂಡು, ನೇಯ್ಗೆ ಅಥವಾ ಬಣ್ಣದ ದೋಷಕ್ಕಾಗಿ ತೆಗೆದಿಟ್ಟದ್ದು, ಹೊಲಿಗೆಯಲ್ಲಿ ಕೆಟ್ಟದ್ದು. ಮೊದಲನೆಯದಕ್ಕೆ ಮಾರ್ಕರ್ ಹಾಕುವವರು, ಎರಡನೆಯದಕ್ಕೆ ಲೇಯರ್ ಹರಡುವವರು, ಮೂರನೆಯದಕ್ಕೆ ಬಟ್ಟೆ ಪೂರೈಸಿದ ಮಿಲ್ಲು ಉತ್ತರ ಹೇಳಬೇಕು. ಮಿಲ್ಲಿನಿಂದ ಪರಿಹಾರ ಕೇಳಲು ಈ ತೂಕದ ಪುಸ್ತಕವೇ ಆಧಾರವಾಗುತ್ತದೆ.

ಇನ್ನೊಂದು ಲಾಭವೂ ಉಂಟು. ಬಿಳಿಯ ಹತ್ತಿ ಚಿಂದಿಯನ್ನು ಬಣ್ಣದ್ದರ ಜೊತೆ ಬೆರೆಸದೆ ಇಟ್ಟರೆ ಗ್ಯಾರೇಜುಗಳಿಗೆ ಒರೆಸುವ ಚಿಂದಿ (ಬನಿಯನ್ ವೇಸ್ಟ್) ಮಾರುವವರು ಹೆಚ್ಚಿನ ದರ ಕೊಡುತ್ತಾರೆ, ಬೆರೆಸಿದರೆ ಎಲ್ಲವೂ ಬಣ್ಣದ ದರಕ್ಕೆ ಇಳಿಯುತ್ತದೆ. ಹೋಟೆಲಿನ ತೆಂಗಿನ ಚಿಪ್ಪು, ರಟ್ಟಿನ ಪೆಟ್ಟಿಗೆ, ಎಣ್ಣೆ ಟಿನ್ನುಗಳಿಗೂ ಇದೇ ಮಾತು ಅನ್ವಯಿಸುತ್ತದೆ ಎಂದುಕೊಳ್ಳುತ್ತೇನೆ.

ನೇರ ಮಾತು:

ಇಷ್ಟೆಲ್ಲ ತೂಗಿ ಬರೆಯುವ ಬದಲು ಒಂದು ಕಾಂಪೋಸ್ಟ್ ಯಂತ್ರವನ್ನು ಹಿತ್ತಲಲ್ಲಿ ಕೂರಿಸಿದರೆ ಗುತ್ತಿಗೆದಾರರ ಹಂಗೇ ಇರುವುದಿಲ್ಲ. ಹೋಟೆಲುಗಳು ಸಾಧ್ಯವಾದಷ್ಟು ಹಸಿ ಕಸವನ್ನು ತಮ್ಮ ಆವರಣದಲ್ಲಿಯೇ ಗೊಬ್ಬರ ಅಥವಾ ಜೈವಿಕ ಅನಿಲ ಮಾಡಬೇಕೆಂದು 2016ರ ನಿಯಮಗಳೇ ಹೇಳಿದ್ದವಲ್ಲ. ಕಾನೂನಿನ ಪಾಲನೆಯೂ ಆಯಿತು, ತಲೆನೋವೂ ತಪ್ಪಿತು.

ತಕ್ಕಡಿ, ಬೆಂಗಳೂರು:

ಯಂತ್ರವನ್ನು ಬೇಡವೆನ್ನುವುದಿಲ್ಲ, ಆದರೆ ಅದು ಕೊನೆಯ ಹೆಜ್ಜೆ. ಪರಿಶೋಧನೆಗೆ ಮೊದಲೇ ಯಂತ್ರ ಕೊಂಡವರು ಇಂದಿನ ಕಸದ ಗಾತ್ರಕ್ಕೆ ಕೊಳ್ಳುತ್ತಾರೆ, ನಾಳೆ ಕಸ ಇಳಿದರೆ ಅರ್ಧ ಖಾಲಿ ಯಂತ್ರಕ್ಕೆ ಪೂರ್ತಿ ವಿದ್ಯುತ್ ಬಿಲ್ಲು ಕಟ್ಟುತ್ತಾರೆ. ಜೊತೆಗೆ, ಗೊಬ್ಬರವಾಗುವ ರಾಶಿಯಲ್ಲಿ ತೇವಾಂಶ ಸಾಮಾನ್ಯವಾಗಿ ಶೇ. 50ರಿಂದ 60ರಷ್ಟಿರಬೇಕು. ಸಾಂಬಾರು ಸುರಿಯುವ ಎಂಜಲನ್ನು ಹಾಗೆಯೇ ಹಾಕಿದರೆ ಗಾಳಿಯಾಡದೆ ನಾರುತ್ತದೆ, ಆಮೇಲೆ ಮರದ ಹೊಟ್ಟು ಅಥವಾ ತೆಂಗಿನ ನಾರಿನ ಪುಡಿಯನ್ನು ಹಣ ಕೊಟ್ಟು ತಂದು ಬೆರೆಸಬೇಕಾಗುತ್ತದೆ. ಯಾವ ಟಬ್ಬಿನಿಂದ ಎಷ್ಟು ಬರುತ್ತದೆ ಎಂಬುದು ತಿಳಿಯದೆ ಆ ಮಿಶ್ರಣವನ್ನು ಹದಗೊಳಿಸಲಾಗದು.

ಇಲ್ಲಿಯವರೆಗೆ ಯಾರೂ ಪ್ರಸ್ತಾಪಿಸದ ಒಂದು ಅಂಶವಿದೆ. ಯಾವ ಟಬ್ಬಿಗೂ ಬೀಳದೆ ಚರಂಡಿಗೆ ಹೋಗುವುದರ ಲೆಕ್ಕ. ಗ್ರೈಂಡರ್ ತೊಳೆದ ನೀರಿನಲ್ಲಿ ಹೋಗುವ ಹಿಟ್ಟು, ಹುಳಿ ಬಂದಿತೆಂದು ರಾತ್ರಿ ಸಿಂಕಿಗೆ ಸುರಿದ ದೋಸೆ ಹಿಟ್ಟು, ಬಕೆಟ್ಟಿನ ತಳದ ಸಾಂಬಾರು, ಎರಡನೆಯ ಡಿಕಾಕ್ಷನ್. ಸಿಂಕಿನ ಬಾಯಿಗೆ ಒಂದು ಜರಡಿಯನ್ನು ಇಡಿ, ಸುರಿಯುವ ಮುನ್ನ ಅಳತೆಯ ಜಗ್ಗಿನಿಂದ ಎಷ್ಟು ಲೀಟರ್ ಎಂದು ಬರೆಯಿಸಿ.

ಕರಿದ ಎಣ್ಣೆಯನ್ನೂ ಬೇರೆಯಾಗಿ ಬರೆಯಿರಿ. ಟೋಟಲ್ ಪೋಲಾರ್ ಕಾಂಪೌಂಡ್ಸ್ (ಎಣ್ಣೆ ಮತ್ತೆ ಮತ್ತೆ ಕಾದಾಗ ಅದರಲ್ಲಿ ಹೆಚ್ಚುವ ಕೆಟ್ಟ ಅಂಶಗಳು) ಪ್ರಮಾಣ ಶೇ. 25 ದಾಟಿದ ಎಣ್ಣೆಯನ್ನು ಮತ್ತೆ ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ, ಮತ್ತು ಕರಿಯಲು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಬಳಸುವವರು ದಾಖಲೆಯನ್ನು ಇಡಲೇಬೇಕು. ನಿಮ್ಮ ಬಳಕೆ ಅಷ್ಟಿಲ್ಲದಿರಬಹುದು. ಆದರೂ ಬರೆದಿಟ್ಟರೆ, ಬಾಣಲೆಗೆ ಹಾಕಿದ್ದು, ಮರುದಿನಕ್ಕೆ ಉಳಿದದ್ದು, ಜೈವಿಕ ಡೀಸೆಲ್‌ಗೆಂದು ಸಂಗ್ರಹಿಸುವವರಿಗೆ ಕೊಟ್ಟದ್ದು ತಾಳೆಯಾಗುತ್ತದೆಯೇ ಎಂಬುದನ್ನು ನೋಡಬಹುದು. ತಾಳೆಯಾಗದಿದ್ದರೆ ಬೋಂಡಾ ಎಣ್ಣೆ ಕುಡಿಯುತ್ತಿದೆ ಎಂದರ್ಥ. ಎಣ್ಣೆ ಕಾಯುವ ಮುನ್ನವೇ ಹಿಟ್ಟು ಬಿಡುತ್ತಿದ್ದಾರೆಯೇ ಎಂದು ಪರೀಕ್ಷಿಸಿ.

ಮೈಸೂರು ಉಪಾಹಾರಿ:

ಹೇಳಿದಂತೆ ನಡೆಸಿದೆವು. ಭಟ್ಟರು ಮೊದಲ ದಿನ ಮುನಿಸಿಕೊಂಡೇ ಇದ್ದರು. ಅವರ ಅಂದಾಜನ್ನು ಕೇಳಿ ಬರೆದುಕೊಂಡ ಮೇಲೆ ಮಾತ್ರ ತಾವೇ ಟಬ್ಬುಗಳ ಉಸ್ತುವಾರಿಗೆ ನಿಂತರು, ಕ್ಲೀನರ್ ಹುಡುಗ ಸೊಪ್ಪಿನ ದಂಟನ್ನು ತಪ್ಪು ಟಬ್ಬಿಗೆ ಎಸೆದರೆ ಅವರೇ ಗದರಿಸುತ್ತಿದ್ದರು.

ತೂಕದಲ್ಲಿ ಮೊದಲ ಸ್ಥಾನ, ಎಲ್ಲರೂ ಊಹಿಸಿದಂತೆ, ಹೆಚ್ಚುವ ಜಾಗದ ಸಿಪ್ಪೆಗೆ. ಅದರಲ್ಲಿ ನಾವು ಮಾಡಬಹುದಾದದ್ದು ಸ್ವಲ್ಪವೇ. ಬಂಡಿಪಾಳ್ಯದ ಸಗಟು ಮಾರುಕಟ್ಟೆಯಿಂದ ತರುವ ಕೋಸಿನ ಹೊರ ಎಲೆಗಳನ್ನು ಅಲ್ಲಿಯೇ ತೆಗೆಸಿ ತೂಗಿಸಲು ಕೇಳಿದ್ದೇವೆ, ವ್ಯಾಪಾರಿಗಳು ಒಪ್ಪಿದರೆ ನೋಡಬೇಕು. ಟೊಮೇಟೊ ಕ್ರೇಟಿನ ತಳದಲ್ಲಿ ನಜ್ಜಾದವು ಉಗ್ರಾಣದ ಟಬ್ಬಿಗೆ ಬೀಳುತ್ತಿದ್ದವು. ಈಗ ಕ್ರೇಟು ಬಂದ ಕೂಡಲೇ ಮಗುಚಿ ಆರಿಸಿ, ಮೆತ್ತಗಾದವು ಅಂದಿನ ಸಾರಿಗೇ ಹೋಗುತ್ತವೆ.

ಹಣದ ಕಾಲಮ್ಮು ಬೇರೆಯದನ್ನೇ ತೋರಿಸಿತು. ಮಾರಾಟವಾಗದೆ ಉಳಿದ ಟಬ್ಬಿನಲ್ಲಿ ಪ್ರತಿದಿನವೂ ಮಧ್ಯಾಹ್ನ ಮೂರೂವರೆಯ ತೂಕದಲ್ಲಿ ಅನ್ನವೇ ಅನ್ನ. ಕಾರಣ ಕೈಯಳತೆಯದ್ದಲ್ಲ. ಎರಡು ಗಂಟೆಗೆ ಅನ್ನ ಮುಗಿಯುತ್ತಾ ಬಂದಾಗ ಮತ್ತೊಂದು ದೊಡ್ಡ ಹಂಡೆಯನ್ನು ಏರಿಸುವ ರೂಢಿ ನಮ್ಮಲ್ಲಿತ್ತು, ಏಕೆಂದರೆ ಚಿಕ್ಕ ಪಾತ್ರೆಯೇ ಇರಲಿಲ್ಲ. ಕಾಲು ಭಾಗದ ಪಾತ್ರೆಯೊಂದನ್ನು ಕೊಂಡೆವು. ಭಟ್ಟರ ಅಂದಾಜಿನ ಪಟ್ಟಿಯಲ್ಲಿ ಇದು ಮೊದಲೇ ಬರೆದಿತ್ತು ಎಂಬುದನ್ನು ಇಲ್ಲಿ ದಾಖಲಿಸಲೇಬೇಕು. ಜರಡಿಯಿಂದ ನೀರು ಬಸಿದ ಮೇಲೆ ಎಂಜಲಿನ ತೂಕವೂ ಗಣನೀಯವಾಗಿ ಇಳಿಯಿತು, ನಾವು ಇಷ್ಟು ಕಾಲ ಡ್ರಮ್ಮಿನ ಲೆಕ್ಕದಲ್ಲಿ ನೀರನ್ನು ಹೊರಲು ಹಣ ಕೊಡುತ್ತಿದ್ದೆವು.

100 ಕೆ.ಜಿ. ಗೆರೆಯ ಹತ್ತಿರವೇ ಇದ್ದೇವೆ. ಭಾನುವಾರ ದಾಟುತ್ತದೆ, ಬೇರೆ ದಿನ ಇಲ್ಲ. ಒಂದು ಸಂಶಯ ಮಾತ್ರ ಉಳಿದಿದೆ. ಊಟಕ್ಕೆ ನಾವು ಬಾಳೆ ಎಲೆ ಹಾಕುತ್ತೇವೆ. ಎಂಜಲಿನೊಂದಿಗೆ ಎಲೆಯ ತೂಕವೂ ಸೇರಿ ಊಟದ ಹೊತ್ತಿನ ಅಂಕಿ ಉಬ್ಬುತ್ತದೆ. ಪ್ರತಿ ಎಲೆಯನ್ನೂ ಕೊಡವಿ ತೂಗುವುದು ಆಗದ ಕೆಲಸ.

ತಕ್ಕಡಿ, ಬೆಂಗಳೂರು:

ಕೊಡವುವ ಅಗತ್ಯವಿಲ್ಲ. ಬೆಳಗ್ಗೆ ಎಲೆ ಬಂದಾಗ ಒಂದು ಕಟ್ಟನ್ನು ತೂಗಿ, ಕಟ್ಟಿನಲ್ಲಿರುವ ಎಲೆಗಳ ಸಂಖ್ಯೆಯಿಂದ ಭಾಗಿಸಿ. ಅದನ್ನು ಊಟದ ಟೋಕನ್ನುಗಳ ಸಂಖ್ಯೆಯಿಂದ ಗುಣಿಸಿ ಎಂಜಲಿನ ತೂಕದಿಂದ ಕಳೆಯಿರಿ. ಕಟ್ಟಿನ ಮೇಲಿನ ದಿಂಡಿನ ತುಂಡು, ಹರಿದವೆಂದು ಬಿಸಾಡಿದ ಎಲೆಗಳು ಎಂಜಲಿನ ಟಬ್ಬಿಗೆ ಬೀಳದಂತೆ ನೋಡಿಕೊಳ್ಳಿ, ಅವು ಉಗ್ರಾಣದ ಲೆಕ್ಕ. ಹರಿದ ಎಲೆಗಳು ಹೆಚ್ಚಿದ್ದರೆ ಎಲೆ ತರುವವರೊಡನೆ ಕಟ್ಟಿನ ಬದಲು ಎಣಿಕೆಯ ಮೇಲೆ ದರ ಮಾತನಾಡಿ.

ಭಾನುವಾರ ಮಾತ್ರ ದಾಟುವುದಾದರೆ, 2016ರ ನಿಯಮಗಳು ಸರಾಸರಿಯನ್ನು ನೋಡಿದ್ದರಿಂದ ಪುಸ್ತಕವನ್ನು ಎಸೆಯದೆ ಇಟ್ಟುಕೊಳ್ಳಿ. ಆರೋಗ್ಯಾಧಿಕಾರಿಗಳು ಬಂದು ಕೇಳಿದಾಗ ತೋರಿಸಲು ಬೇರೆ ಆಧಾರ ನಿಮ್ಮಲ್ಲಿ ಇರುವುದಿಲ್ಲ.